ಮಸ್ಕತ್ತಿಗೆ ಹೋದ ಕೊಸರು

ಭೂಮಿಗೆಲ್ಲ ಜೋಳ ಅಳೆದು ಹಂಚಿದ ದಿನ ಶಿವನು ಕೊನೆಗೆ ಸೇರನ್ನು ಕೆಳಗಿಟ್ಟು, "ಅಳತೆ ಮುಗಿಯಿತು, ಇದು ಮೇಲಿನದು" ಎಂದು ಒಂದು ಬೊಗಸೆ ಕಾಳನ್ನು ಸುಮ್ಮನೆ ಚೆಲ್ಲಿದನಂತೆ. ಆ ಬೊಗಸೆ ಬಿದ್ದದ್ದು ರೋಣದ ಎರೆಹೊಲದ ಮೇಲೆ ಎಂದು ರೋಣದ ಹಿರಿಯರು ಹೇಳುತ್ತಾರೆ. ನರಗುಂದದವರು ಅದು ನಮ್ಮಲ್ಲಿ ಬಿತ್ತು ಎನ್ನುತ್ತಾರೆ. ಗಜೇಂದ್ರಗಡದವರು, ಶಿವ ನಿಂತದ್ದೇ ನಮ್ಮ ಗುಡ್ಡದ ಮೇಲೆ, ಆದ್ದರಿಂದ ಮೊದಲ ಕಾಳು ನಮ್ಮದು ಎನ್ನುತ್ತಾರೆ. ಆ ವ್ಯಾಜ್ಯ ಇನ್ನೂ ತೀರಿಲ್ಲ, ತೀರುವುದೂ ಬೇಡ. ಆದರೆ ಮೂರು ಊರಿನವರೂ ಒಪ್ಪುವ ಮಾತು ಒಂದಿದೆ: ಅಳೆದು ಕೊಟ್ಟ ಮೇಲೆ, ಬೆಲೆ ಹಿಡಿಯದೆ, ಮೇಲಿಂದ ಒಂದು ಹಿಡಿ ಹಾಕಬೇಕು. ಅದಕ್ಕೆ ಕೊಸರು ಎಂದು ಹೆಸರು. ಕೊಸರು ಹಾಕದ ವ್ಯಾಪಾರಿಯ ಅಂಗಡಿಗೆ ಗಿರಾಕಿ ಎರಡನೆಯ ಸಲ ಬರುವುದಿಲ್ಲ, ಲಕ್ಷ್ಮಿ ಮೊದಲನೆಯ ಸಲವೂ ಬರುವುದಿಲ್ಲ.

ಇಂಥ ನಾಡಿನ ಪ್ರಭುಲಿಂಗಪ್ಪ ರೋಣದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಖಡಕ್ ರೊಟ್ಟಿ ಮಾರಿಕೊಂಡಿದ್ದವನು. ಐವತ್ತೈದರ ವಯಸ್ಸು, ಹಣೆ ತುಂಬ ವಿಭೂತಿ, ಅಮಾಸೆಗೊಮ್ಮೆ ತಪ್ಪದೆ ಗಜೇಂದ್ರಗಡದ ಗುಡ್ಡ ಹತ್ತಿ ಕಾಲಕಾಲೇಶ್ವರನಿಗೆ ಕೈ ಮುಗಿದು ಬರುವ ನೇಮ. ಅವನ ಬದುಕಿಗೆ ಅಲ್ಲಿಯವರೆಗೆ ಯಾವ ಪರದೇಶವೂ ಅಡ್ಡ ಬಂದಿರಲಿಲ್ಲ. ಅಂಥವನ ಅಂಗಡಿಯ ಮುಂದೆ ಒಂದು ದಿನ ಪೇಂಟರ್ ಏಣಿ ಹಾಕಿ ನಿಂತು, 'ಶ್ರೀ ಕಾಲಕಾಲೇಶ್ವರ ರೊಟ್ಟಿ ಅಂಗಡಿ' ಎಂಬುದನ್ನು ಒರೆಸಿ, 'ಶ್ರೀ ಕಾಲಕಾಲೇಶ್ವರ ಅಂತಾರಾಷ್ಟ್ರೀಯ ರೊಟ್ಟಿ ರಫ್ತುದಾರರು' ಎಂದು ಬರೆಯತೊಡಗಿದ. ಹಲಗೆ ಸಾಲಲಿಲ್ಲ. 'ದಾರರು' ಪಕ್ಕದ ಚಹಾದಂಗಡಿಯ ಗೋಡೆಯ ಮೇಲೆ ಹೋಯಿತು.

"ಪ್ರಭುಲಿಂಗಪ್ಪಾರ, ನಿಮ್ಮ ರಫ್ತು ಮದಲ ನನ್ನ ಗ್ವಾಡಿಗೇ ಆತಲ್ರಿ," ಎಂದ ಚಹಾದಂಗಡಿಯ ಹನುಮಪ್ಪ.

"ಇರ್ಲಿ ಬಿಡೋ. ನಾಳೆ ನಿನ್ನ ಚಹಾ ಕುಡಿಯಾಕ ಅರಬರು ಬಂದು ಸಾಲು ಹಚ್ಚತಾರ."

"ಬರೂದಾದ್ರ ಸಕ್ಕರಿ ಎಷ್ಟ ಹಾಕಬೇಕಂತ ಮುಂಚೇನ ಕೇಳಿ ಇಡ್ರಿ."

ವಿಷಯ ಇಷ್ಟು. ನರಗುಂದದ ಸಾಜೀದ ಹದಿನೈದು ವರ್ಷದಿಂದ ಮಸ್ಕತ್ತಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ. ತಂಗಿಯ ಮದುವೆಗೆ ಬಂದವನು ಪ್ರಭುಲಿಂಗಪ್ಪನ ರೊಟ್ಟಿ ತಿಂದು, ಇದು ಅಲ್ಲಿ ಹೋಗುತ್ತದೆ ಎಂದು ಹೇಳಿ, ಹೋದ ಮೇಲೆ ಹದಿನಾರು ಪುಟದ ಕರಾರು ಕಳಿಸಿದ. ಮೊದಲು ಸಾವಿರ ಪಾಕೀಟು, ಪಾಕೀಟಿಗೆ ಹತ್ತು ರೊಟ್ಟಿ. ಈ ಮೊದಲ ಮಾಲು ಅಲ್ಲಿಯ ಸುಂಕದ ಕಟ್ಟೆ ದಾಟಿದರೆ ವರ್ಷವಿಡೀ ತಿಂಗಳಿಗೆ ಅಷ್ಟೇ ಮಾಲು. ದಾಟದಿದ್ದರೆ ಕರಾರು ಅಲ್ಲಿಗೇ ರದ್ದು. ಈ ಒಂದು ಮಾತನ್ನು ನಂಬಿ ಜಕ್ಕಲಿಯ ರೇಣವ್ವ ತನ್ನ ಗುಂಪಿನ ಇಪ್ಪತ್ತೆರಡು ಹೆಂಗಸರನ್ನು ಕಟ್ಟಿಕೊಂಡು ಹೊಸದಾಗಿ ಆರು ಒಲೆ ಹಾಕಿಸಿದ್ದಳು. ಕಳೆ ತೆಗೆಯಲು ಕರೆಯಬಂದ ಹೊಲದ ಮಾಲಕರಿಗೆಲ್ಲ, "ಇನ್ನ ನಮ್ಮ ಕೈ ಹಿಟ್ಟಿನ್ಯಾಗ ಇರ್ತಾವ, ಮಣ್ಣಿನ್ಯಾಗ ಅಲ್ಲ," ಎಂದು ಹೇಳಿ ಕಳಿಸಿಯಾಗಿತ್ತು. ಅಂದಮೇಲೆ ಹಲಗೆ ಒರೆಸಿದರೆ ಹೋಗುತ್ತದೆ, ಒಲೆ ಒರೆಸಿದರೆ ಹೋಗುವುದಿಲ್ಲ.

ಕರಾರನ್ನು ಓದಲು ರೋಣದ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಅನಿಲಕುಮಾರ ಬಂದ. ಪ್ರಭುಲಿಂಗಪ್ಪನ ತಂಗಿಯ ಮಗ. ಪ್ರಭುಲಿಂಗಪ್ಪ ಸ್ನಾನ ಮಾಡಿ, ಮೂಡಲಕ್ಕೆ ಮುಖ ಮಾಡಿ, ಪುರಾಣ ಕೇಳುವವನಂತೆ ಕೈಕಟ್ಟಿ ಕೂತ.

"ಮಾವಾ, ಇದು ಭಾಳ ಮುಖ್ಯ ಐತಿ. ತಕರಾರು ಬಂದ್ರ ಆ ದೇಶದ ಕಾಯ್ದೆ ನಡೀತೈತಿ, ನಮ್ಮದಲ್ಲ."

"ಕಾಯ್ದೆ ಯಾವ್ದಾದ್ರೇನೋ, ಧರ್ಮ ಒಂದಽ."

"ಧರ್ಮಕ್ಕ ಇದರಾಗ ಕಲಂ ಇಲ್ಲ. ಎಂಟನೇದ್ದು ಕೇಳ್ರಿ. ಕಾಗದದಾಗ ಬರದದ್ದೂ ಪೆಟ್ಟಿಗ್ಯಾಗ ಇದ್ದದ್ದೂ ಒಂದಽ ಇರಬೇಕು. ಕಡಿಮಿ ಇರಬಾರದು, ಹೆಚ್ಚಿಗೂ ಇರಬಾರದು."

"ಕಡಿಮೀನ?" ಪ್ರಭುಲಿಂಗಪ್ಪನ ವಿಭೂತಿ ಸುಕ್ಕುಗಟ್ಟಿತು. "ನಮ್ಮ ಅಜ್ಜನ ಕಾಲದಿಂದ ಒಂದ ಕಾಳು ಕಡಿಮಿ ಕೊಟ್ಟ ಮಂದಿ ಅಲ್ಲೋ ನಾವು! ಹಂಗ ಬರದಾಂವ ಯಾಂವ? ಸಾಜೀದಗ ಫೋನ್ ಹಚ್ಚು."

"ಎಲ್ಲಾರಿಗೂ ಹಂಗಽ ಬರೀತಾರ್ರಿ ಮಾವಾ, ನಿಮಗಽ ಅಂತಲ್ಲ."

"ಎಲ್ಲಾರಿಗೂ ಅಂದ್ರ ಇರ್ಲಿ."

ಕಡಿಮೆ ಎಂಬ ಮಾತಿಗೆ ಇಷ್ಟು ರಂಪವಾಯಿತು. ಹೆಚ್ಚು ಎಂಬ ಮಾತು ಮಾತ್ರ ಅವನ ಕಿವಿಯವರೆಗೆ ಬಂದು, ಒಳಗೆ ತನಗೆ ಕೂಡಲು ಜಾಗವಿಲ್ಲವೆಂದು ನೋಡಿಕೊಂಡು, ಬಂದ ದಾರಿಯಲ್ಲೇ ವಾಪಸು ಹೋಯಿತು. ಹೆಚ್ಚು ಕೊಡುವುದೂ ಒಂದು ಅಪರಾಧ ಎಂದು ರೋಣದ ಸಂತೆಯಲ್ಲಿ ಬೆಳೆದ ಮನುಷ್ಯನಿಗೆ ಹೊಳೆಯಬೇಕಾದರೆ ಅವನು ಇನ್ನೊಂದು ಜನ್ಮವನ್ನು ಇನ್ನೊಂದು ಜಿಲ್ಲೆಯಲ್ಲಿ ಎತ್ತಿ ಬರಬೇಕು.

ಒಳ್ಳೆಯ ಮುಹೂರ್ತ ನೋಡಿ ಹದಿನಾರು ಪುಟಕ್ಕೂ ಸಹಿಯಾಯಿತು. ಪರವಾನಗಿಗಳು ಬಂದವು, ಕೋಡ್ ನಂಬರುಗಳು ಬಂದವು. ಹತ್ತು ದಿನ ಜಕ್ಕಲಿಯಲ್ಲಿ ರೊಟ್ಟಿ ಬಡಿದ ಸದ್ದೂ ಬಡಿಯುವವರ ಹಾಡೂ ಬಸ್ಸಿನಲ್ಲಿ ಹೋಗುವವರಿಗೂ ಕೇಳಿಸಿದವು. ರೇಣವ್ವನ ಹೆಂಗಸರು ರೊಟ್ಟಿ ಎಣಿಸಿ ಪಾಕೀಟಿಗೆ ತುಂಬಿ ತಂದರು. ಪ್ರಭುಲಿಂಗಪ್ಪನ ತಾಯಿ ಮುದುಕವ್ವ ಮತ್ತು ಹೆಂಡತಿ ನಾಗರತ್ನಾ ಹಿಂದಿನ ಕೋಣೆಯಲ್ಲಿ ಕೂತು ಪಾಕೀಟಿನ ಬಾಯಿ ಬಿಗಿದರು. ಪ್ರಭುಲಿಂಗಪ್ಪ ಆ ಹತ್ತೂ ದಿನ ಹಲಗೆಯ ಕೆಳಗೆ ಕುರ್ಚಿ ಹಾಕಿಕೊಂಡು, ಹೋಗಿಬರುವವರಿಗೆ ವಿದೇಶಿ ವ್ಯಾಪಾರದ ಕಷ್ಟಗಳನ್ನು ವಿವರಿಸುತ್ತಿದ್ದ. ಕೊನೆಯ ದಿನ ಮಾತ್ರ, ಐವತ್ತು ರಟ್ಟಿನ ಪೆಟ್ಟಿಗೆಗಳಲ್ಲಿ ಪಾಕೀಟು ಜೋಡಿಸುವ ಕೆಲಸ ತನ್ನದೆಂದು ಹೇಳಿ, "ಪೂಜಿ ಮಾಡೂದೈತಿ, ಯಾರೂ ಬರಬ್ಯಾಡ್ರಿ," ಎಂದು ಕೋಣೆಯ ಬಾಗಿಲು ಹಾಕಿಕೊಂಡ.

ಪೆಟ್ಟಿಗೆಗಳು ಲಾರಿ ಹತ್ತಿದವು, ಲಾರಿಯಿಂದ ಹಡಗು ಹತ್ತಿದವು. ಈ ದಂಡೆಯ ಯಾವ ತಕ್ಕಡಿಯೂ ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಆ ದಂಡೆಯ ತಕ್ಕಡಿ ಅಂಥದ್ದಾಗಿರಲಿಲ್ಲ.

"ಕಾಕಾ," ಎಂದಿತು ಫೋನಿನಲ್ಲಿ ಸಾಜೀದನ ದನಿ. "ಮಾಲು ಹಿಡದಾರ."

"ಯಾಕ? ಒಡದಾವೇನು?"

"ಒಡದಿಲ್ಲ. ನಾಕನೂರು ಕಿಲೋ ಅಂತ ಬರದೀರಿ, ಎಂಬತ್ತು ಕಿಲೋ ಹೆಚ್ಚಿಗಿ ತೂಗಾಕತ್ತಾವ. ಒಂದು ಪಾಕೀಟು ಒಡೀದಽ ಹೊರಗಿಂದ ಎಣಿಸ್ಯಾರ. ಹತ್ತು ಅಂತ ಬರದ ಕಡೆ ಹನ್ನೊಂದು ರೊಟ್ಟಿ ಅದಾವ. ಏಳು ದಿನದಾಗ ಸಮಜಾಯಿಷಿ ಕೊಡಬೇಕು, ಇಲ್ಲಂದ್ರ ಮಾಲು ನಾಶ ಮಾಡ್ತಾರ, ನನ್ನ ಲೈಸೆನ್ಸಿಗೂ ಕುತ್ತು, ನಮ್ಮ ಕರಾರೂ ರದ್ದು."

ಪ್ರಭುಲಿಂಗಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಹೆಚ್ಚಿಗಿ ಇದ್ದದ್ದಕ್ಕ ಹಿಡದಾರ?"

"ಹೌದು ಕಾಕಾ."

"ಕಡಿಮಿ ಇದ್ದದ್ದಕ್ಕಲ್ಲ?"

"ಅಲ್ಲ ಕಾಕಾ."

"ಇನ್ನೊಮ್ಮೆ ಕೇಳಿ ನೋಡು. ನಿಂಗ ಅರಬ್ಬಿ ಪೂರ್ತಿ ಬರೂದಿಲ್ಲೇನೋ."

ರೇಣವ್ವನನ್ನು ಜಕ್ಕಲಿಯಿಂದ ಕರೆಸಲಾಯಿತು. ಅವಳು ಸೆರಗಿನಿಂದ ಹಿಟ್ಟು ಕೊಡವಿಕೊಳ್ಳುತ್ತ ಬಂದು ನಿಂತಳು.

"ರೇಣವ್ವಾ, ಪಾಕೀಟಿಗೆ ಎಷ್ಟು ರೊಟ್ಟಿ ಹಾಕೀರಿ?"

"ಹತ್ತು, ಅಣ್ಣಾರ."

"ಮತ್ತ ಹನ್ನೊಂದು ಬಂದಾವಂತ?"

"ಹೌದಲ್ರಿ. ಹತ್ತು, ಮ್ಯಾಲ ಕೊಸರು." ಅವಳ ಮುಖದಲ್ಲಿ ಇದೆಂಥ ಪ್ರಶ್ನೆ ಎಂಬ ಭಾವ ಬಿಟ್ಟು ಬೇರೇನೂ ಇರಲಿಲ್ಲ. "ಸಮುದ್ರಾ ದಾಟಿ ಹೋಗೂ ಮಾಲಿಗೆ ಎಣಿಸಿದಷ್ಟಽ ಹಾಕಿ ಕಳಸ್ಲೇನ್ರಿ? ಜಕ್ಕಲಿ ಹೆಸರು ಏನಾಗಬೇಕು?"

ಪ್ರಭುಲಿಂಗಪ್ಪ ಕುರ್ಚಿಯಿಂದ ಎದ್ದು ನಿಂತ. ರಫ್ತುದಾರನಿಗೆ ತಕ್ಕ ಗಾಂಭೀರ್ಯದಿಂದ ಗುಡುಗಿದ: "ಇದು ಜಕ್ಕಲಿ ಸಂತಿ ಅಲ್ಲ ರೇಣವ್ವಾ, ಅಂತಾರಾಷ್ಟ್ರೀಯ ಕಾಯ್ದೆ! ಹತ್ತು ಅಂದ್ರ ಹತ್ತು! ನಿನ್ನ ಒಂದು ರೊಟ್ಟಿಯಿಂದ ನನ್ನ ಮಾನಾ ಹರಾಜ ಆತು. ಕಾಗದ ಅಂದ್ರ ಏನಂತ ತಿಳದಿ?"

ರೇಣವ್ವ ಆರು ಒಲೆಗಳನ್ನು ನೆನೆಸಿಕೊಂಡು ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಆ ಓಣಿಯವರು ಅದೇ ಮೊದಲು ನೋಡಿದ್ದು.

ಸುದ್ದಿ ಹನುಮಪ್ಪನ ಚಹಾದಂಗಡಿಗೆ ತಲುಪಲು ನಡುವೆ ಒಂದೇ ಗೋಡೆ ಇತ್ತು. ಮಧ್ಯಾಹ್ನದ ಹೊತ್ತಿಗೆ ರೊಟ್ಟಿಗಳನ್ನು ಅರಬಸ್ತಾನದಲ್ಲಿ ಬಂಧಿಸಿದ್ದಾರೆ ಎಂದಾಯಿತು. ಸಂಜೆಯ ಬಸ್ಸು ಆ ಸುದ್ದಿಯನ್ನು ಹೊಳೆಆಲೂರಿಗೆ ಒಯ್ದಿತು. ಅಲ್ಲಿಂದ ಪ್ರಭುಲಿಂಗಪ್ಪನ ಬೀಗರು ಮರುದಿನ ಬೆಳಿಗ್ಗೆಯೇ ಬಂದು, ಪಡಸಾಲೆಯಲ್ಲಿ ಮಾತಿಲ್ಲದೆ ಕೂತು, ಚಹಾ ಕುಡಿದು, "ಎಲ್ಲಾ ಅವನಿಚ್ಛಾ," ಎಂದು ಹೇಳಿ ಹೋದರು. ಒಬ್ಬರಂತೂ, "ಜಾಮೀನು ಸಿಗೂ ಹಂಗ ಐತೇನು?" ಎಂದು ವಕೀಲನನ್ನೇ ಕೇಳಿದರು.

ಅನಿಲಕುಮಾರ ಒಂದು ಅಫಿಡವಿಟ್ ತಯಾರಿಸಿದ. ಕೊಸರು ಎಂದರೇನು, ಅದು ಈ ಸೀಮೆಯ ಪರಂಪರೆ, ಅದರಲ್ಲಿ ಬಚ್ಚಿಡುವ ಉದ್ದೇಶವಿಲ್ಲ, ಪ್ರತಿ ಪಾಕೀಟಿನಲ್ಲಿ ಹೆಚ್ಚಿಗೆ ಇರುವುದು ಒಂದು ರೊಟ್ಟಿ ಮಾತ್ರ, ಬೇರೇನೂ ಇಲ್ಲ. ನೋಟರಿಯವರು ಅದನ್ನು ಎರಡು ಸಲ ಓದಿ ಮುದ್ರೆ ಒತ್ತಿದರು. ಒಂದು ಕಡೆ ಒತ್ತಬೇಕಾದದ್ದು. ಅವರಿಗೂ ವಿಷಯ ಮನಸ್ಸಿಗೆ ತಟ್ಟಿತ್ತೋ ಏನೋ, ಮೇಲೊಂದು ಹೆಚ್ಚಿಗೆ ಒತ್ತಿ ಕೊಟ್ಟರು.

ಅಫಿಡವಿಟ್ ಹೋದ ಎರಡನೆಯ ದಿನ ಸಾಜೀದನ ಫೋನು ಮತ್ತೆ ಬಂತು.

"ಕಾಕಾ, ಆ ಕರೀ ಪುಡಿ ಏನು?"

"ಯಾವ ಕರೀ ಪುಡಿ?"

"ಈಗ ಪಾಕೀಟು ಒಡದು ನೋಡ್ಯಾರ, ರೊಟ್ಟಿ ನಡಕ ಬಟ್ಟಿನಷ್ಟು ಪುಡಿಕಿ ಅದಾವ. ಅದರಾಗ ಕರೀ ಪುಡಿ. ಹೆಸರಿಲ್ಲ, ಚೀಟಿ ಇಲ್ಲ. ಅವರು ಕೈಗೆ ಚೀಲಾ ಹಾಕ್ಕೊಂಡು ಎತ್ತಿ ಲ್ಯಾಬಿಗೆ ಕಳಿಸ್ಯಾರ. ಬೇರೇನೂ ಇಲ್ಲ ಅಂತ ಮುದ್ರಿ ಹೊಡಿಸಿ ಕಳಿಸೀರಿ. ನನ್ನ ಬೆವರು ಇಳಿಯಾಕತ್ತೈತಿ ಕಾಕಾ."

ಪ್ರಭುಲಿಂಗಪ್ಪನ ಬೆವರೂ ಇಳಿಯಿತು. ಅವನು ಫೋನು ಇಡುವುದಕ್ಕೂ, ಹಿಂದಿನ ಕೋಣೆಯಿಂದ ಮುದುಕವ್ವ ಕೆಮ್ಮುವುದಕ್ಕೂ ಸರಿಹೋಯಿತು. ಎಂಬತ್ತೊಂದರ ಮುದುಕವ್ವ ಕಾರಣವಿಲ್ಲದೆ ಕೆಮ್ಮುವವಳಲ್ಲ.

"ಯವ್ವಾ?"

"ಏನಪಾ."

"ಪಾಕೀಟಿನ್ಯಾಗ ಏನರ ಹಾಕೀಯೇನು?"

"ಗುರೆಳ್ಳ ಚಟ್ನಿ," ಎಂದಳು ಮುದುಕವ್ವ. "ಚಿಟಿಕಿಯಷ್ಟು."

"ಯವ್ವಾ! ನಿಂಗ ಯಾರು ಹಾಕಂದ್ರು?"

"ಯಾರು ಹಾಕಂದ್ರು ಅಂತ ಕೇಳ್ತಾನ ನೋಡು. ಬರೇ ರೊಟ್ಟಿ ಯಾರರ ಕಳಸ್ತಾರೇನಲೇ? ಆ ಊರಾಗ ಗುರೆಳ್ಳು ಸಿಗತೈತೋ ಇಲ್ಲೋ. ತಿನ್ನಾಂವ ಏನು ಹಚ್ಕೊಂಡ ತಿನ್ನಬೇಕು, ಮರಳ ಹಚ್ಕೊಂಡ?" ಮುದುಕವ್ವ ಸೊಸೆಯ ಕಡೆ ಕೈ ಮಾಡಿದಳು. "ಈಕಿ ಕಟ್ಟಿದಳು, ನಾ ಹಾಕಿದೆ. ಈಕೀನೂ ಬ್ಯಾಡ ಅನ್ನಲಿಲ್ಲ."

ನಾಗರತ್ನಾ ಸೂಜಿ ದಾರ ಹುಡುಕುವವಳಂತೆ ಒಳಗೆ ಹೋದಳು.

"ನೀನಽ ನನ್ನ ಮುಣಗಿಸಿದಿ ಯವ್ವಾ!" ಎಂದು ಪ್ರಭುಲಿಂಗಪ್ಪ ತಲೆ ಹಿಡಿದುಕೊಂಡ. "ಅತ್ಲಾಕಡೆ ಆಕಿ ಒಂದು, ಇತ್ಲಾಕಡೆ ನೀ ಒಂದು. ಈ ಮನ್ಯಾಗ ಕಾಯ್ದೆಕ್ಕ ಅಂಜಾವ ನಾ ಒಬ್ಬನಽ!"

ಗೋಡೆಯಾಚೆ ಹನುಮಪ್ಪನ ಗಿರಾಕಿಗಳು ಲೋಟ ಕೆಳಗಿಟ್ಟರು. ಕರಿಯ ಪುಡಿ ಎಂಬ ಎರಡು ಶಬ್ದ ಆ ಓಣಿಯಿಂದ ಹೊರಟಾಗ ಚಟ್ನಿಯಾಗಿತ್ತು. ಬಸ್ ಸ್ಟ್ಯಾಂಡ್ ಮುಟ್ಟುವಾಗ ಮದ್ದಾಯಿತು. ನರಗುಂದ ಮುಟ್ಟುವಾಗ ಬಾಂಬಾಯಿತು. ಸಂಜೆಗೆ ಠಾಣೆಯಿಂದ ಒಬ್ಬ ಪೊಲೀಸ್ ಪೇದೆ ಸೈಕಲ್ ಮೋಟಾರು ನಿಲ್ಲಿಸಿ ಒಳಗೆ ಬಂದ.

"ಏನ್ ಸಾವಕಾರ್ರ, ಏನೋ ಪುಡಿ ತಯಾರ ಮಾಡ್ತೀರಂತ?"

ಮುದುಕವ್ವ ಎದ್ದು ಒಳಗೆ ಹೋದಳು. ಎರಡು ರೊಟ್ಟಿ, ಒಂದಿಷ್ಟು ಪುಡಿ, ಮೇಲೊಂದು ಚಮಚ ಎಣ್ಣೆ ಹಾಕಿ ಅವನ ಮುಂದಿಟ್ಟಳು. ಪೇದೆ ಸಾಕ್ಷ್ಯವನ್ನು ಕೂಲಂಕಷವಾಗಿ ಪರಿಶೀಲಿಸಿದ. ಎರಡನೆಯ ಸಲವೂ ಪರಿಶೀಲಿಸಿದ. ಹೋಗುವಾಗ, "ಕೇಸು ಇಲ್ರಿ, ಆದ್ರ ಖಾರಾ ಸ್ವಲ್ಪ ಮುಂದಾಗೇತಿ," ಎಂದು ವರದಿ ಕೊಟ್ಟ.

ಬಾಂಬಿನ ಸುದ್ದಿ ಕೇಳಿ ನರಗುಂದದಿಂದ ಸಾಜೀದನ ತಾಯಿ ಜಮಾಲಬಿ ಬಸ್ಸು ಹತ್ತಿ ಬಂದೇಬಿಟ್ಟಳು. ಬಾಗಿಲಲ್ಲೇ ನಿಂತು, "ನನ್ನ ಮಗನ್ನ ಜೇಲಿಗೆ ಹಾಕ್ಸಾಕ ನಿಂತೀರೇನ್ರಿ ನೀವು? ಪರದೇಶದಾಗ ಅವಂಗ ಯಾರದಾರ?" ಎಂದು ಶುರುಮಾಡಿದವಳು, ಮುದುಕವ್ವ ಕೈ ಹಿಡಿದು ಕೂಡಿಸಿ ಪುಡಿಯನ್ನು ಅಂಗೈಗೆ ಹಾಕಿದ ಮೇಲೆ ನೆಕ್ಕಿ ನೋಡಿ ಕೇಳಿದಳು: "ಬಳ್ಳೊಳ್ಳಿ ಹುರದು ಹಾಕೀರೋ, ಹಸೀದೋ?"

"ಹುರದು."

"ಅದಕ್ಕಽ. ಸಾಜೀದಗ ಸಣ್ಣಾಂವಿದ್ದಾಗಿಂದ ಇದಂದ್ರ ಪ್ರಾಣ." ಕಣ್ಣೊರೆಸಿಕೊಂಡು ಅಲ್ಲಿಯೇ ಮಗನಿಗೆ ಫೋನು ಹಚ್ಚಿ, "ಹೆದರಬ್ಯಾಡಪಾ, ಚಟ್ನಿ ಚಲೋ ಆಗೇತಿ," ಎಂದು ಧೈರ್ಯ ಹೇಳಿದಳು.

ಲ್ಯಾಬಿನವರೂ ಕೊನೆಗೆ ಅದನ್ನೇ ಬರೆದರು: ಎಣ್ಣೆಕಾಳು, ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಅಪಾಯವಿಲ್ಲ. ಆದರೆ ಸುಂಕದ ಅಧಿಕಾರಿ ತೃಪ್ತರಾಗಲಿಲ್ಲ. ಆರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಮೂಲಕ ವಿಚಾರಣೆ ಎಂದು ಸಾಜೀದ ತಿಳಿಸಿದ. "ಕಾಕಾ, ಕೈ ಮುಗೀತೀನಿ. ಏನು ಕೇಳಿದರೂ ಖರೇ ಹೇಳ್ರಿ. ಏಳನೇ ದಿನ ಸಂಜಿತನಕ ಅಷ್ಟಽ ಟೈಮು."

ವಿಚಾರಣೆ ಪ್ರಭುಲಿಂಗಪ್ಪ ಒಬ್ಬನದೇ. ಆದರೂ ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ಮುದುಕವ್ವ, ನಾಗರತ್ನಾ, ಅನಿಲಕುಮಾರ, ಊರಿಗೆ ಹೋಗದೆ ಉಳಿದಿದ್ದ ಜಮಾಲಬಿ, ರೇಣವ್ವ ಮತ್ತು ಅವಳ ಹೆಂಗಸರಲ್ಲಿ ಒಂಬತ್ತು ಮಂದಿ, ಚಹಾದ ಕೆಟಲಿ ಹಿಡಿದ ಹನುಮಪ್ಪ, ಇಷ್ಟು ಜನ ಒಂದೇ ಫೋನಿನ ಮುಂದೆ ಕೂತರು. ಫೋನನ್ನು ಜೋಳದ ಚೀಲಕ್ಕೆ ಒರಗಿಸಿ ನಿಲ್ಲಿಸಿದ್ದರು. ಅದರಲ್ಲಿ ಬಿಳಿ ನಿಲುವಂಗಿಯ, ಬಿಳಿ ಗಡ್ಡದ, ಶಾಂತ ಮುಖದ ಹಿರಿಯರೊಬ್ಬರು ಕಾಣಿಸಿದರು. ಪಕ್ಕದಲ್ಲಿ ಬಾಡಿದ ಸಾಜೀದ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ. ಆದರೆ ಹೇಳಲೇಬೇಕಾಗಿ ಬಂದರೆ ಹೇಗೆ ಹೇಳಬೇಕು ಎಂಬುದಕ್ಕೆ ಅವರು ಗಾದೆ ಕಟ್ಟಿ ಹೋಗಿಲ್ಲ.

ಅಧಿಕಾರಿ ನಿಧಾನವಾಗಿ ಏನೋ ಹೇಳಿದರು. ಸಾಜೀದ ಕನ್ನಡಕ್ಕೆ ತಂದ: "ನೀವು ಹತ್ತು ಅಂದ್ರಿ, ಹನ್ನೊಂದು ಸಿಕ್ಕವು. ಮತ್ತೇನಿಲ್ಲ ಅಂದ್ರಿ, ಪುಡಿ ಸಿಕ್ತು. ಹಿಂಗಽ ಒಂದೊಂದು ಹೊರಗ ಬಂದ್ರ ಅದು ಬಚ್ಚಿಟ್ಟ ಮಾಲು ಆಗತೈತಿ. ಇನ್ನೂ ಪೆಟ್ಟಿಗಿ ಎಲ್ಲಾ ಬಿಚ್ಚಿ ಎಣಿಸಿಲ್ಲ, ಇವತ್ತು ಎಣಿಸ್ತೀವಿ. ಅದಕ್ಕ ಮುಂಚೆ ಕೊನೇದಾಗಿ ಕೇಳ್ತೀನಿ. ಬೇರೆ ಏನರ ಐತೇನು? ಈಗ ನೀವಽ ಹೇಳಿದ್ರ ಕಾಗದ ತಿದ್ದಿ ದಂಡ ಕಟ್ಟಿ ಬಿಡಿಸ್ಕೋಬಹುದು. ನಾವು ಹುಡುಕಿದ್ರ ಎಲ್ಲಾ ಮುಗೀತು."

"ಏನಿಲ್ರಿ!" ಎಂದು ರೇಣವ್ವ ಫೋನಿನ ಹತ್ತಿರ ಬಗ್ಗಿ ಕೂಗಿದಳು. "ನಮ್ಮ ಕಡಿಂದ ಒಂದಽ ರೊಟ್ಟಿ, ಆಣಿ ಮಾಡ್ತೀನಿ!"

"ನನ್ನ ಕಡಿಂದ ಚಟ್ನಿ ಅಷ್ಟಽ," ಎಂದಳು ಮುದುಕವ್ವ. "ಇನ್ನೇನು ಹೇಳು, ಹೇಳಿಬಿಡು ಪ್ರಭು, ಏನಿಲ್ಲಂತ."

ಪ್ರಭುಲಿಂಗಪ್ಪ ಹೇಳಲಿಲ್ಲ. ಅವನು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ವಿಭೂತಿಯ ಮೇಲಿಂದ ಒಂದು ಹನಿ ಬೆವರು ಮೂಗಿನ ತುದಿಗೆ ಬಂದು ನಿಂತಿತು.

"ಮಾವಾ," ಎಂದ ಅನಿಲಕುಮಾರ. ವಕೀಲರಿಗೆ ಇಂಥ ಮೌನದ ಪರಿಚಯ ಇರುತ್ತದೆ. "ಮಾವಾ, ಆ ದಿನ ಬಾಗಲಾ ಹಾಕ್ಕೊಂಡು ಯಾವ ಪೂಜಿ ಮಾಡಿದ್ರಿ?"

"ಪೆಟ್ಟಿಗಿಗೊಂದು," ಎಂದ ಪ್ರಭುಲಿಂಗಪ್ಪ, ಯಾರಿಗೂ ಕೇಳಿಸದ ದನಿಯಲ್ಲಿ.

"ಏನಂದ್ರಿ?"

"ಪೆಟ್ಟಿಗಿಗೊಂದು ಪಾಕೀಟು. ಇಪ್ಪತ್ತಂತ ಬರದೇವಿ. ಇಪ್ಪತ್ತೊಂದು ಇಟ್ಟೇನಿ. ಕಾಲಕಾಲೇಶ್ವರನ ಹೆಸರು ತಗೊಂಡು, ಮ್ಯಾಲಿನದು." ಅವನು ತಲೆ ಎತ್ತಿದ. "ಐವತ್ತು ಪೆಟ್ಟಿಗಿಗೆ ಐವತ್ತು. ಒಡೀತಾವ ಇರ್ಲಿ ಅಂತ ರೇಣವ್ವಗ ಸುಳ್ಳ ಹೇಳಿ ಹೆಚ್ಚಿಗಿ ತರಿಸಿದ್ದೆ."

ಅಂಗಡಿಯಲ್ಲಿ ಮೊದಲು ಸದ್ದು ಮಾಡಿದ್ದು ಹನುಮಪ್ಪನ ಕೆಟಲಿ, ಅದು ಕೈಜಾರಿತ್ತು. ಆಮೇಲೆ ರೇಣವ್ವ.

"ಅಣ್ಣಾರ! ನಾ ಒಂದು ರೊಟ್ಟಿ ಹಾಕಿದ್ದಕ್ಕ ಓಣಿ ಮಂದೀ ಮುಂದ ನನ್ನ ಮಾನಾ ತಗದ್ರಿ. ನೀವು ಇಡೀ ಪಾಕೀಟಽ ಹಾಕೀರಲ್ರಿ!"

"ಕಾಯ್ದೆಕ್ಕ ಅಂಜಾವ ಇವನೊಬ್ಬನಽ ಅಂತ," ಎಂದಳು ಮುದುಕವ್ವ, ಜಮಾಲಬಿಯ ಕಡೆ ತಿರುಗಿ.

ಸಾಜೀದ ಕಣ್ಣು ಮುಚ್ಚಿಕೊಂಡು ಅದನ್ನು ಅರಬ್ಬಿಗೆ ತಂದ. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. ಯಾಕೆ ಎಂದು ಒಂದೇ ಮಾತು ಕೇಳಿದರು.

"ಎಣಿಸಿ ಕೊಟ್ಟ ರೊಟ್ಟಿ ಹೊಟ್ಟಿಗೆ ಹತ್ತೂದಿಲ್ರಿ," ಎಂದ ಪ್ರಭುಲಿಂಗಪ್ಪ. ಅಫಿಡವಿಟ್ಟಿನ ಮೂರು ಪುಟದಲ್ಲಿ ಇಲ್ಲದ ಮಾತು ಅದು.

ಅಧಿಕಾರಿ ಒಂದು ಫಾರಂ ಮುಂದಕ್ಕೆ ಎಳೆದುಕೊಂಡರು. ಅಂದರೆ ಮುಗಿದಿರಲಿಲ್ಲ, ಆದರೆ ದಾರಿ ಇತ್ತು. ಈಗ ಬೇರೆ ತೊಡಕು ಬಂತು. ಹೆಚ್ಚಿಗೆ ಬಂದ ಮಾಲಿಗೆ ಬೆಲೆ ಎಷ್ಟೆಂದು ಬರೆಯಬೇಕಾಗಿತ್ತು.

"ಕೊಸರಿಗೆ ಬೆಲಿ ಇಲ್ಲ," ಎಂದ ಪ್ರಭುಲಿಂಗಪ್ಪ.

"ಕಾಕಾ, ಇವರ ಕಂಪ್ಯೂಟರಿನ್ಯಾಗ ಸೊನ್ನಿ ಹಿಡಿಯೂದಿಲ್ಲ."

"ಒಂದು ರೂಪಾಯಿ ಅನ್ರಿ ಮಾವಾ," ಎಂದು ಅನಿಲಕುಮಾರ ಮೊಣಕೈಯಿಂದ ತಿವಿದ.

"ಒಂದು ರೂಪಾಯಿ ಅಂದ್ರ ಅದು ಮಾರಿದ್ದಾತು. ಕೊಟ್ಟದ್ದನ್ನ ಮಾರಿದೆ ಅಂತ ಸಹಿ ಮಾಡ್ಲೇನು? ದಂಡ ಎಷ್ಟರ ಹಾಕ್ಲಿ, ಕಟ್ಟತೀನಿ. ಬೆಲಿ ಕಟ್ಟೂದಿಲ್ಲ."

"ಕಟ್ಟಬ್ಯಾಡ್ರಿ ಅಣ್ಣಾರ," ಎಂದಳು ರೇಣವ್ವ, ಸಿಟ್ಟನ್ನು ಅಷ್ಟಕ್ಕೇ ಬಿಟ್ಟು.

ಒಂದು ದೇಶದ ಕಂಪ್ಯೂಟರಿಗೂ ಮೂರು ತಾಲೂಕಿನ ಧರ್ಮಕ್ಕೂ ನಡುವೆ ಹೀಗೆ ಅರ್ಧ ತಾಸು ಯುದ್ಧ ನಡೆಯಿತು. ಕೊನೆಗೆ ದಾರಿ ಹುಡುಕಿದವರು ಅಧಿಕಾರಿಯೇ. ಪಾಕೀಟಿನಲ್ಲಿ ಇರುವುದೇ ಹನ್ನೊಂದು ರೊಟ್ಟಿ ಮತ್ತು ಒಂದು ಚಟ್ನಿ ಎಂದು ಬರೆಯಿರಿ. ಪೆಟ್ಟಿಗೆಗೆ ಇಪ್ಪತ್ತೊಂದು ಪಾಕೀಟು ಎಂದು ಬರೆಯಿರಿ. ಒಟ್ಟು ಬೆಲೆ ಮೊದಲಿನಷ್ಟೇ ಇರಲಿ. ಯಾವುದು ಅಳತೆಯದು, ಯಾವುದು ಮೇಲಿನದು ಎಂದು ಕಾಗದ ಕೇಳುವುದಿಲ್ಲ. ಚಟ್ನಿ ಪುಡಿಕೆಗಳಿಗೆ ಸಾಜೀದ ಅಲ್ಲಿಯೇ ಚೀಟಿ ಅಂಟಿಸಬೇಕು. ದಂಡ ಪ್ರಭುಲಿಂಗಪ್ಪನದು. ಎರಡನೆಯ ಮಾಲು ಕಾಗದದಂತೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಬಂದರೆ ಮಾತ್ರ ವರ್ಷದ ಕರಾರು ನಿಂತೀತು.

ಎರಡನೆಯ ಮಾಲಿಗೆ ಪ್ರಭುಲಿಂಗಪ್ಪ ಹಲಗೆಯ ಕೆಳಗೆ ಕೂಡಲಿಲ್ಲ. ಜಕ್ಕಲಿಗೆ ಹೋಗಿ ರೊಟ್ಟಿ ಎಣಿಸುವವರ ಎದುರಿಗೆ ಕೂತ. ಹನ್ನೊಂದು ಅಂದರೆ ಹನ್ನೊಂದು. ಮನೆಯಲ್ಲಿ ತಾಯಿಯ ಎದುರಿಗೆ ಕೂತ. ಒಂದು ಪಾಕೀಟಿಗೆ ಒಂದೇ ಪುಡಿಕೆ, ಅದರ ಮೇಲೆ ಎರಡು ಭಾಷೆಯ ಚೀಟಿ. ಪೆಟ್ಟಿಗೆ ತುಂಬುವಾಗ ಬಾಗಿಲು ತೆರೆದಿಟ್ಟು, ಅನಿಲಕುಮಾರನನ್ನು ತನ್ನ ಎದುರಿಗೆ ಕೂಡಿಸಿಕೊಂಡ. ಇಪ್ಪತ್ತೊಂದನೆಯ ಪಾಕೀಟು ಇಟ್ಟ ಮೇಲೆ ಅವನ ಬಲಗೈ ತಾನಾಗಿಯೇ ರಾಶಿಯ ಕಡೆ ಹೋಗುತ್ತಿತ್ತು. ಎಡಗೈ ಅದನ್ನು ಹಿಡಿದು ತರುತ್ತಿತ್ತು. ಐವತ್ತು ಸಲ ಹೀಗಾಯಿತು. ಹೆಂಗಸರು ಹಾಡಲಿಲ್ಲ. ಲಾರಿ ಹೋದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಉಣ್ಣಲು ಕೂತ ನೆಂಟನನ್ನು ಅರ್ಧಕ್ಕೆ ಎಬ್ಬಿಸಿ ಕಳಿಸಿದವರಂತೆ ಇದ್ದರು.

ಹದಿನೆಂಟನೆಯ ದಿನ ಸಾಜೀದನ ಫೋನು ಬಂತು. ರೇಣವ್ವ ಮೂರನೆಯ ಮಾಲಿನ ಮಾತಿಗೆಂದು ಬಂದಿದ್ದಳು. ಅನಿಲಕುಮಾರ ಕಾಗದ ತಯಾರಿಸುತ್ತಿದ್ದ. ಎಲ್ಲರಿಗೂ ಕೇಳಲೆಂದು ಪ್ರಭುಲಿಂಗಪ್ಪ ಸ್ಪೀಕರ್ ಹಾಕಿದ.

"ಕಾಕಾ, ಅರ್ಧಾ ತಾಸಿನ್ಯಾಗ ಪಾಸು! ವರ್ಷದ ಕರಾರಿಗೆ ಮುದ್ರಿ ಬಿತ್ತು."

ರೇಣವ್ವ ಕಣ್ಣು ಮುಚ್ಚಿ ಕೈ ಮುಗಿದಳು. ಆರು ಒಲೆಗಳು ಉಳಿದವು. ಆದರೆ ಸಾಜೀದ ಫೋನು ಇಡಲಿಲ್ಲ.

"ಮತ್ತೇನರ ಐತೇನಪಾ?"

"ಏನಿಲ್ಲ ಕಾಕಾ. ಆ ಹಿರ್ಯಾರು ತಾವಽ ಬಂದು ಒಂದು ಪಾಕೀಟು ಎಣಿಸಿದ್ರು. ಹನ್ನೊಂದು. ಇನ್ನೊಂದು ತರಿಸಿ ಎಣಿಸಿದ್ರು. ಹನ್ನೊಂದಽ. ಒಂದು ಪೆಟ್ಟಿಗಿ ಪೂರ್ತಿ ಬಿಚ್ಚಿ, ತಳದಾಗ ಕೈ ಹಾಕಿ ನೋಡಿದ್ರು. ಆಮ್ಯಾಲೆ ನನ್ನ ಬಾಜೂಕ ಕರದು, ಆ ಮನುಷ್ಯಾಗ ನಮ್ಮ ಮ್ಯಾಲೆ ಸಿಟ್ಟು ಬಂದೈತೇನು ಅಂತ ಕೇಳಿದ್ರು."

ಪ್ರಭುಲಿಂಗಪ್ಪ ಫೋನಿನ ಹತ್ತಿರ ಬಗ್ಗಿದ. "ನೀ ಏನಂದಿ?"

"ಸಿಟ್ಟಲ್ರಿ, ಕಾಯ್ದೆ ಅಂದೆ."

"ಅದಕ್ಕ?"

"ಕಾಯ್ದೆ ನನಗೂ ಗೊತ್ತೈತಿ ಅಂದ್ರು."

ಪ್ರಭುಲಿಂಗಪ್ಪ ಫೋನು ಇಟ್ಟ. ರೇಣವ್ವ ಸೆರಗು ಸರಿಮಾಡಿಕೊಂಡು ವಕೀಲನ ಹತ್ತಿರ ಸರಿದಳು.

"ವಕೀಲ್ರ, ಈ ಸಲ ಕಾಗದದಾಗ ಹನ್ನೆರಡು ಅಂತ ಬರೀರಿ."

ಅನಿಲಕುಮಾರ ಪೆನ್ನು ಎತ್ತಿ ಅವಳನ್ನು ನೋಡಿದ. "ಹನ್ನೆರಡು ಬರದ್ರ, ಹನ್ನೆರಡಽ ಹಾಕ್ತೀರಿ?"

"ನೀವು ಬರೀರಿ."

ಅನಿಲಕುಮಾರ ತನ್ನ ಮಾವನ ಕಡೆ ತಿರುಗಿದ. ಪ್ರಭುಲಿಂಗಪ್ಪ ತೊಲೆಗಳನ್ನು ಎಣಿಸುವವನಂತೆ ಸೂರು ನೋಡುತ್ತಿದ್ದ.

"ಬರಿಯೋ," ಎಂದ.